ಮೆಲ್ವಿನಾಳ ಹಣ್ಣಿನ ಜಾಗ ಹೇಳಿಕೊಟ್ಟವರು ಯಾರು?

ಆಗಸ್ಟ್ ಬಂತೆಂದರೆ ಟರ್ ಕೋವಿನ ಜನ ಸುಳ್ಳು ಹೇಳಲು ಶುರು ಮಾಡುತ್ತಾರೆ.

ಉಳಿದ ಹನ್ನೊಂದು ತಿಂಗಳು ನ್ಯೂಫೌಂಡ್‌ಲ್ಯಾಂಡಿನ ಈ ಕಡಲಂಚಿನಲ್ಲಿ ಇವರಷ್ಟು ನೇರ ಜನ ಸಿಗುವುದಿಲ್ಲ. ಮನೆಗೆ ಬೀಗ ಹಾಕುವುದಿಲ್ಲ. ಬಾಗಿಲು ತಟ್ಟುವ ಪದ್ಧತಿಯೂ ಇಲ್ಲ. ಹಿಂಬಾಗಿಲಿನಿಂದ ಸೀದಾ ಅಡುಗೆಮನೆಗೆ ಬಂದು, ಕುರ್ಚಿ ಎಳೆದುಕೊಂಡು, ಚಹಾ ಬಗ್ಗಿಸಿಕೊಂಡು ಕೂರುತ್ತಾರೆ. ತಟ್ಟುವವರು ಪೊಲೀಸರು, ಇಲ್ಲವೇ ಪರಊರಿನವರು.

ಆದರೆ ಆಗಸ್ಟಿನಲ್ಲಿ ಊರ ಹಿಂದಿನ ಜೌಗಿನಲ್ಲಿ ಬೇಕಾಪಲ್ ಹಣ್ಣಾಗುತ್ತದೆ. ಹೆಸರು ಕೇಳಿ ಸೇಬು ಅಂದುಕೊಳ್ಳಬೇಡಿ. ಒಂದು ಗಿಡಕ್ಕೆ ಒಂದೇ ಹಣ್ಣು, ಅದೂ ಬೆರಳ ತುದಿಯಷ್ಟು. ಕಾಯಿದ್ದಾಗ ಕೆಂಪು, ಮಾಗಿದಾಗ ಜೇನಿನ ಬಣ್ಣ. ಒಂದು ಬಕೆಟ್ ತುಂಬಬೇಕಾದರೆ ಅರ್ಧ ದಿನ ಸೊಂಟ ಬಗ್ಗಿಸಿ, ಸೊಳ್ಳೆಗೂ ಕರಿನೊಣಕ್ಕೂ ರಕ್ತ ಕೊಡಬೇಕು. ಆ ಹಣ್ಣಿನ ಜಾಮ್ ಇಲ್ಲದೆ ಇಲ್ಲಿ ಕ್ರಿಸ್‌ಮಸ್ ಆಗುವುದಿಲ್ಲ. ಹಾಗಾಗಿ ಹಣ್ಣು ಎಲ್ಲಿ ಸಿಗುತ್ತದೆ ಎನ್ನುವುದನ್ನು ಇವರು ಒಡಹುಟ್ಟಿದವರಿಗೂ ಹೇಳುವುದಿಲ್ಲ.

"ಈ ಸಲ ಹಣ್ಣು ಹೇಗಿದೆಯಜ್ಜಾ?" ಎಂದು ಅಂಗಡಿಯಲ್ಲಿ ಕೇಳಿ ನೋಡಿ.

"ಎಲ್ಲಿ ಬಂತು ಮಗಾ, ಮಂಜಿಗೆ ಹೂವೆಲ್ಲ ಉದುರಿ ಹೋಯ್ತಲ್ಲ" ಎನ್ನುತ್ತಾನೆ ಅಜ್ಜ. ಹೇಳುವಾಗ ಅವನ ಬೆರಳಿಗೆ ಅಂಟಿದ ಹಣ್ಣಿನ ರಸ ಇನ್ನೂ ಆರಿರುವುದಿಲ್ಲ.

ಈ ವಿದ್ಯೆಯಲ್ಲಿ ಮೆಲ್ವಿನಾ ಟಕ್ ಎತ್ತಿದ ಕೈ. ವಯಸ್ಸು ಅರವತ್ತೇಳು. ಹಣ್ಣಿಗೆ ಹೊರಟ ದಿನ ಮೊದಲು ಧಕ್ಕೆಯ ಕಡೆ ನಡೆಯುತ್ತಾಳೆ, ಮೀನು ತರಲು ಹೋಗುವವಳ ಹಾಗೆ. ಆಮೇಲೆ ಚರ್ಚಿನ ಹಿಂದೆ ಸುತ್ತಿ, ಸ್ಮಶಾನ ದಾಟಿ, ಒಂದು ಕೊಳಕ್ಕೆ ಎರಡು ಸುತ್ತು ಹಾಕುತ್ತಾಳೆ. ಮೂರು ಕಡೆ ನಿಂತು ಯಾರಾದರೂ ಹಿಂದೆ ಬರುತ್ತಿದ್ದಾರೆಯೇ ಎಂದು ತಿರುಗಿ ನೋಡುತ್ತಾಳೆ. ಉಪ್ಪು ಮಾಂಸ ತುಂಬಿ ಬರುವ ಬಿಳಿ ಬಕೆಟ್ಟನ್ನು ಒಗೆಯುವ ಬಟ್ಟೆಯ ಚೀಲದಲ್ಲಿ ಮುಚ್ಚಿಟ್ಟುಕೊಂಡಿರುತ್ತಾಳೆ. ನೇರ ಹೋದರೆ ಮುಕ್ಕಾಲು ಗಂಟೆಯ ದಾರಿ ಅವಳಿಗೆ ಎರಡು ಗಂಟೆ ಹಿಡಿಯುತ್ತದೆ.

ಅದು ಅವಳ ಅಮ್ಮ ತೋರಿಸಿದ ಜಾಗ. ಅಮ್ಮ ಹೋದ ಮೇಲೆ ಅದು ಗೊತ್ತಿದ್ದದ್ದು ಇಬ್ಬರಿಗೇ. ಒಬ್ಬಳು ಮೆಲ್ವಿನಾ, ಇನ್ನೊಬ್ಬಳು ಊನಾ ಕೀಫ್.

ಊನಾಳ ಮನೆ ನಾಲ್ಕು ಬೇಲಿ ಆಚೆ. ಒಂಬತ್ತನೇ ವಯಸ್ಸಿಗೆ ತಾಯಿಯನ್ನು ಕಳೆದುಕೊಂಡ ಹುಡುಗಿಯನ್ನು ಮೆಲ್ವಿನಾಳ ಅಮ್ಮನೇ ತನ್ನ ಮಗಳ ಜೊತೆ ಸಾಕಿದಳು. ಇಬ್ಬರನ್ನೂ ಒಟ್ಟಿಗೆ ಜೌಗಿಗೆ ಕರೆದುಕೊಂಡು ಹೋಗಿ, ಯಾರಿಗೂ ಹೇಳುವುದಿಲ್ಲವೆಂದು ಕೈ ಮೇಲೆ ಕೈ ಇಡಿಸಿಕೊಂಡಿದ್ದಳು. ಈಗ ಊನಾಳ ಮೊಣಕಾಲು ಕೆಟ್ಟು ಆರು ವರ್ಷ. ಅವಳು ಜೌಗಿಗೆ ಇಳಿಯುವುದಿಲ್ಲ. ಮೆಲ್ವಿನಾ ಹಣ್ಣು ತರುತ್ತಾಳೆ, ಊನಾ ಜಾಮ್ ಮಾಡುತ್ತಾಳೆ, ಬಾಟಲಿಗಳು ಅರ್ಧರ್ಧ. ಶುಕ್ರವಾರ ಸಭಾಭವನದಲ್ಲಿ ನಡೆಯುವ ಇಸ್ಪೀಟಿನಾಟದಲ್ಲೂ ಇಬ್ಬರೂ ಒಂದೇ ಜೋಡಿ.

ಈ ವರ್ಷ ಆಗಸ್ಟ್ ಐದಕ್ಕೆ ಮೆಲ್ವಿನಾ ಎಂದಿನಂತೆ ಸುತ್ತಿ ಬಳಸಿ ಜೌಗಿಗೆ ಹೋದಳು. ಹೋಗಿ ನೋಡಿದರೆ ಬಕೆಟ್ ಕೈಯಿಂದ ಜಾರಿ ಬಿತ್ತು.

ಪಾಚಿಯ ಮೇಲೆ ನಾಲ್ಕು ಚಕ್ರದ ಮೋಟಾರು ಗಾಡಿಗಳು ಓಡಾಡಿ ಮೊಣಕಾಲುದ್ದದ ಹಳ್ಳ ಬಿದ್ದಿದ್ದವು. ಎಲ್ಲಿ ನೋಡಿದರೂ ಬೂಟಿನ ಗುರುತು. ಮಾಗಿದ್ದನ್ನೂ ಕಾಯನ್ನೂ ಒಟ್ಟಿಗೆ ಕಿತ್ತು, ಕೆಂಪು ಕಾಯಿಗಳನ್ನು ಅಲ್ಲೇ ಚೆಲ್ಲಿದ್ದರು. ಒಂದು ಕಾಫಿ ಲೋಟ ನೀರಿನಲ್ಲಿ ತೇಲುತ್ತಿತ್ತು. ಜೌಗಿನ ಪಾಚಿ ಒಮ್ಮೆ ಹರಿದರೆ ಮತ್ತೆ ಕೂಡಿಕೊಳ್ಳಲು ಎಷ್ಟೋ ವರ್ಷ ಬೇಕು. ತನ್ನ ಕಾಲದಲ್ಲಿ ಇದು ಮತ್ತೆ ಮೊದಲಿನಂತೆ ಆಗುವುದಿಲ್ಲ ಎಂದು ಅವಳಿಗೆ ನಿಂತಲ್ಲೇ ಗೊತ್ತಾಯಿತು. ಅಮ್ಮ ಎರಡನೆಯ ಸಲ ಸತ್ತಷ್ಟು ಸಂಕಟವಾಯಿತು.

ಸಂಕಟದ ಹಿಂದೆಯೇ ಸಿಟ್ಟು ಬಂತು. ಜಾಗ ಗೊತ್ತಿದ್ದವರು ಇಬ್ಬರು. ತಾನು ಹೇಳಿಲ್ಲ. ಅಂದ ಮೇಲೆ?

ವಾಪಸು ಬರುವಾಗ ಅವಳು ಸುತ್ತಲೂ ಇಲ್ಲ, ಬಳಸಲೂ ಇಲ್ಲ. ಸೀದಾ ಊನಾಳ ಅಡುಗೆಮನೆಗೆ ನುಗ್ಗಿದಳು. ಊನಾ ಜಾಮಿನ ಬಾಟಲಿಗಳನ್ನು ಕುದಿಸಿ, ಬಟ್ಟೆಯ ಮೇಲೆ ಸಾಲಾಗಿ ಬೋರಲು ಹಾಕಿ, ಹಣ್ಣಿಗೆ ಕಾಯುತ್ತಿದ್ದಳು.

"ಯಾರಿಗೆ ಹೇಳ್ದೆ ಊನಾ?"

"ಏನನ್ನ?"

"ನಾಟಕ ಬೇಡ. ಜೌಗೆಲ್ಲ ಹಾಳಾಗಿದೆ. ಗಾಡಿ ಹತ್ತಿಸಿದ್ದಾರೆ. ಯಾರಿಗೆ ಹೇಳ್ದೆ?"

ಊನಾ ಕೈಯಲ್ಲಿದ್ದ ಬಾಟಲಿಯನ್ನು ಮೆಲ್ಲಗೆ ಕೆಳಗಿಟ್ಟಳು. ಅವಳ ಮುಖ ಬಿಳಿಚಿಕೊಂಡಿತು. ತಾನು ಹೇಳಿಲ್ಲ ಅನ್ನಲಿಲ್ಲ. ಆಣೆ ಹಾಕಲಿಲ್ಲ.

"ಹೋಗ್ತಾ ಬಾಗಿಲು ಎಳ್ಕೊಂಡು ಹೋಗು" ಎಂದಳು ಅಷ್ಟೇ.

ಆ ಶುಕ್ರವಾರ ಇಸ್ಪೀಟಿಗೆ ಊನಾ ಬರಲಿಲ್ಲ. ಮೆಲ್ವಿನಾ ಬೇರೊಬ್ಬರ ಜೊತೆ ಆಡಿ ಎಲ್ಲ ಆಟವನ್ನೂ ಸೋತಳು. ಯಾರೂ ಏನೂ ಕೇಳಲಿಲ್ಲ. ಕೇಳದೆಯೇ ಊರಿಗೆಲ್ಲ ಗೊತ್ತಾಗಿತ್ತು.

ಗಂಡ ಸೆಲ್ಬಿ ಮಾತ್ರ ಮನೆಯಲ್ಲಿ ಕೇಳಿದ. "ಊನಾ ಹೇಳಿದ್ದಾಳೆ ಅಂತ ನಿಂಗೆ ಖಾತ್ರಿನಾ?"

"ಮತ್ತೆ ನೀನು ಹೇಳಿದ್ಯಾ?"

"ನಂಗೆ ಆ ಜಾಗ ಗೊತ್ತಿದ್ರೆ ತಾನೇ ಹೇಳೋದು! ನಲವತ್ತಾರು ವರ್ಷ ಸಂಸಾರ ಮಾಡಿದೀನಿ, ಒಂದು ದಿನ ತೋರಿಸಿದ್ಯಾ?"

"ನಿನ್ನ ಟ್ರೌಟ್ ಮೀನಿನ ಕೊಳ ನಂಗೆ ತೋರಿಸಿದ್ಯಾ?"

ಸೆಲ್ಬಿ ಚಹಾದ ಲೋಟದೊಳಗೆ ಮುಖ ಹುದುಗಿಸಿಕೊಂಡ.

ನಾಲ್ಕು ದಿನ ಕಳೆಯಿತು. ಸಿಟ್ಟು ಇಳಿದಂತೆ ಮೆಲ್ವಿನಾಳ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯತೊಡಗಿತು. ಹೇಳಿ ಊನಾಗೆ ಬಂದ ಲಾಭವೇನು? ಹಣ್ಣು ಹೋದರೆ ಅವಳ ಬಾಟಲಿಯೂ ಖಾಲಿ ತಾನೇ? ಹಾಗಾದರೆ ಅಷ್ಟೊಂದು ಜನಕ್ಕೆ ದಾರಿ ಸಿಕ್ಕಿದ್ದು ಹೇಗೆ?

ಐದನೆಯ ದಿನ ಬೆಳಿಗ್ಗೆ ಯಾರೋ ಬಾಗಿಲು ತಟ್ಟಿದರು. ತಟ್ಟಿದ್ದರಿಂದಲೇ ಪರಊರಿನವರು ಎಂದು ಗೊತ್ತಾಯಿತು. ಮೂವತ್ತರ ಆಸುಪಾಸಿನ ಹೆಂಗಸು, ಪಕ್ಕದಲ್ಲಿ ಸೈಕಲ್ಲು. ಹೆಸರು ಕೋರಿನ್, ಒಂಟಾರಿಯೋದಲ್ಲಿ ಟೀಚರ್, ರಜೆಯಲ್ಲಿ ಸುತ್ತಲು ಬಂದವಳು. ಕುಡಿಯಲು ಸ್ವಲ್ಪ ನೀರು ಸಿಗುತ್ತದಾ ಎಂದು ಕೇಳಿದಳು. ಸೈಕಲ್ಲಿನ ಬುಟ್ಟಿಯಲ್ಲಿ ಒಂದು ಡಬ್ಬಿ. ಡಬ್ಬಿಯಲ್ಲಿ ಬೇಕಾಪಲ್, ಅರ್ಧಕ್ಕರ್ಧ ಕೆಂಪು ಕಾಯಿ.

ಮೆಲ್ವಿನಾಳ ಪಿತ್ತ ನೆತ್ತಿಗೇರಿತು. ಆದರೆ ಬೈದು ಕಳಿಸಿದರೆ ವಿಷಯ ತಿಳಿಯುವುದು ಹೇಗೆ? ಅವಳು ಮುಖಕ್ಕೆ ನಗು ಬರಿಸಿಕೊಂಡಳು.

"ಬರೀ ನೀರು ಯಾಕಮ್ಮಾ, ಒಳಗೆ ಬಾ. ಟೌಟನ್ ಮಾಡ್ತಿದೀನಿ, ತಿಂದು ಹೋಗು."

ಹಿಟ್ಟಿನ ಉಂಡೆ ತಟ್ಟಿ ಎಣ್ಣೆಯಲ್ಲಿ ಹುರಿದು, ಮೇಲೆ ಕಾಕಂಬಿ ಸುರಿದು ಕೊಟ್ಟಳು. ಡಬ್ಬದ ಹಾಲು ಹಾಕಿದ ಚಹಾ ಕೊಟ್ಟಳು. ಎರಡನೆಯ ಟೌಟನ್ ಮುಗಿಯುವವರೆಗೆ ಹವಾಮಾನದ ಮಾತಾಡಿದಳು.

"ಹಣ್ಣು ಚೆನ್ನಾಗಿದೆ. ಎಲ್ಲಿ ಸಿಕ್ತು?" ಎಂದು ಆಮೇಲೆ ಕೇಳಿದಳು, ಏನೂ ಗೊತ್ತಿಲ್ಲದವಳ ಹಾಗೆ.

"ಇಲ್ಲೇ ಹಿಂದೆ, ಜೌಗಿನಲ್ಲಿ. ನಾನು ಹೋಗೋ ಹೊತ್ತಿಗೆ ಆರೇಳು ಜನ ಬಂದು ಹೋಗಿದ್ರು ಆಂಟಿ. ಗಾಡಿ ತಂದು ಎಲ್ಲಾ ಹಾಳು ಮಾಡಿದ್ರು, ಪಾಪ."

"ದಾರಿ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ನಕ್ಷೆಯಲ್ಲಿತ್ತು."

"ಯಾವ ನಕ್ಷೆ?"

ಕೋರಿನ್ ಫೋನ್ ತೆಗೆದು ತೋರಿಸಿದಳು. "ನಡೆಯೋರ ಆ್ಯಪ್ ಆಂಟಿ ಇದು. ವಾಚ್ ಕಟ್ಕೊಂಡು ನಡೆದ್ರೆ ದಾರಿ ಇದರಲ್ಲಿ ಮೂಡತ್ತೆ. ಈ ಊರಿನಲ್ಲಿ ಒಬ್ರಿದ್ದಾರೆ, ತುಂಬ ತಮಾಷೆಯ ನಡಿಗೆ ಅವರದ್ದು. ನೋಡಿ, ಹೋದ ವರ್ಷದ್ದು. ಧಕ್ಕೆ ಕಡೆ ಹೋಗ್ತಾರೆ, ಚರ್ಚು ಸುತ್ತುತ್ತಾರೆ, ಕೊಳಕ್ಕೆ ಎರಡು ಸುತ್ತು ಹಾಕ್ತಾರೆ. ಆಮೇಲೆ ಇಲ್ಲಿಗೆ ಬಂದು ನಾಲ್ಕು ಗಂಟೆ ಅಲ್ಲಾಡೋದೇ ಇಲ್ಲ. ಆಗಸ್ಟಿನಲ್ಲಿ ಹೀಗೆ ಒಂಬತ್ತು ಸಲ. ಅಲ್ಲಿ ಏನೋ ಇದ್ದೇ ಇರಬೇಕು ಅಂತ ಎಲ್ರಿಗೂ ಕುತೂಹಲ. ಮೂವತ್ತೊಂದು ಜನ ಮೆಚ್ಚಿದಾರೆ."

ಮೆಲ್ವಿನಾ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಕಿತ್ತಳೆ ಬಣ್ಣದ ಗೆರೆ ಅವಳದೇ ಹಿತ್ತಿಲಿನಿಂದ ಹೊರಟಿತ್ತು. ಅವಳು ಹಿಂದೆ ತಿರುಗಿ ನೋಡಲು ನಿಂತ ಮೂರು ಜಾಗಗಳೂ ಚುಕ್ಕಿಯಾಗಿ ಕಾಣುತ್ತಿದ್ದವು. ಕೊನೆಯಲ್ಲಿ ಜೌಗಿನ ಮೇಲೆ ಗೆರೆ ಸುತ್ತಿ ಸುತ್ತಿ ನೂಲಿನ ಉಂಡೆಯಾಗಿತ್ತು. ಪಕ್ಕದಲ್ಲಿ ಹೆಸರು: ಮೆಲ್ವಿನಾ ಟಿ., ಟರ್ ಕೋವ್.

ಅವಳ ಕಣ್ಣು ತನ್ನ ಎಡಗೈ ಮಣಿಕಟ್ಟಿಗೆ ಹೋಯಿತು. ಅಲ್ಲಿ ಕರಿ ವಾಚು ಹಸಿರು ಬೆಳಕು ಮಿಟುಕಿಸುತ್ತಿತ್ತು. ಮೂರು ಸಲ ತಿರುಗಿ ನೋಡಿದ್ದಳಲ್ಲ, ಹಿಂಬಾಲಿಸುತ್ತಿದ್ದದ್ದು ಕೈಯಲ್ಲೇ ಇತ್ತು.

ಹೋದ ವರ್ಷ ಟರ್ ಕೋವಿಗೂ ಪಕ್ಕದೂರು ಶೋಲ್ ಆರ್ಮ್‌ಗೂ ನಡಿಗೆಯ ಪಂದ್ಯ ನಡೆದಿತ್ತು. ಬೇಸಿಗೆಯಲ್ಲಿ ಯಾವ ಊರಿನವರು ಹೆಚ್ಚು ಹೆಜ್ಜೆ ಹಾಕುತ್ತಾರೋ ಅವರಿಗೆ ಟರ್ಕಿ ಕೋಳಿಯ ಊಟ. ಹೆಸರು ಕೊಟ್ಟವರಿಗೆಲ್ಲ ಆ್ಯಪಿನ ಕಂಪನಿಯಿಂದ ಒಂದೊಂದು ವಾಚು ಪುಕ್ಕಟೆ. ಮೆಲ್ವಿನಾಳ ಹೃದಯದ ಡಾಕ್ಟರಿಗೂ ಖುಷಿಯಾಗಿತ್ತು. ಪಂದ್ಯ ಮುಗಿದರೂ ಅವಳು ವಾಚು ಬಿಚ್ಚಿರಲಿಲ್ಲ.

ಕೋರಿನ್‌ಗೆ ಎದುರಿನ ಹೆಂಗಸಿನ ಮುಖ ನೋಡಿ ಅರ್ಥವಾಯಿತು. "ಅಯ್ಯೋ, ಅದು ನೀವಾ?" ಎಂದು ಬಾಯಿ ಮುಚ್ಚಿಕೊಂಡಳು. ಡಬ್ಬಿಯನ್ನು ಮೇಜಿನ ಮೇಲಿಟ್ಟು, ಎಷ್ಟು ಬೇಡವೆಂದರೂ ಕೇಳದೆ ಬಿಟ್ಟು ಹೋದಳು.

ಸೆಲ್ಬಿಗೆ ವಿಷಯ ಹೇಳಿದಾಗ ಅವನು ಮೂಗು ಮುರಿದ.

"ಹುಚ್ಚಾ ನಿಂಗೆ? ಮುದುಕಿ ಎಲ್ಲಿ ನಡೆದ್ಲು, ಎಲ್ಲಿ ಕೂತ್ಲು ಅಂತ ಅಷ್ಟು ದೊಡ್ಡ ಕಂಪನಿಯೋರು ನೋಡ್ತಾ ಕೂತಿರ್ತಾರಾ? ಬಚ್ಚಿಡೋಕೆ ನಮ್ಮ ಹತ್ರ ಏನಿದೆ?"

"ಜೌಗಿತ್ತಲ್ಲ" ಎಂದಳು ಮೆಲ್ವಿನಾ.

"ಅದೊಂದು ಬಿಟ್ಟು. ನೀನು ಕೆಮ್ಮಿದ್ರೂ ಈ ಊರಿಗೆ ಗೊತ್ತಾಗತ್ತೆ. ಇನ್ನು ವಾಚಿಗೆ ಗೊತ್ತಾದ್ರೆ ಏನು ಗಂಟು ಹೋಯ್ತು?"

"ಹೋಗೋಣ ನಡಿ, ಬ್ಲಾಂಚಕ್ಕನ್ನ ಕೇಳೋಣ. ಅವಳಿಗೆ ಇದೆಲ್ಲ ತಿಳಿಯತ್ತೆ."

ಬ್ಲಾಂಚ್ ಊರಿನ ಲೈಬ್ರರಿ ನೋಡಿಕೊಳ್ಳುವವಳು. ಎಪ್ಪತ್ತೆರಡು ವರ್ಷ. ಹದಿನೆಂಟರ ವಯಸ್ಸಿನಲ್ಲಿ ಇದೇ ಊರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಮನೆಮನೆಗೆ ತಂತಿ ಜೋಡಿಸಿಕೊಡುತ್ತಿದ್ದಳು. ಈಗ ಲೈಬ್ರರಿಯ ಎರಡು ಕಂಪ್ಯೂಟರುಗಳ ಮುಂದೆ ಕೂತು, ಫೋನು ತಂದವರಿಗೆಲ್ಲ ಪಾಠ ಹೇಳುತ್ತಾಳೆ. ಕಂಪನಿಗಳ ಮಾತು ಬಂದರೆ ಅವಳ ನಾಲಿಗೆಗೆ ಕಡಿವಾಣವಿಲ್ಲ.

"ಈ ವಾಚಿಗೆ ಎಷ್ಟು ಕೊಟ್ಟೆ?" ಎಂದು ಮೊದಲು ಕೇಳಿದಳು.

"ಪುಕ್ಕಟೆ ಬಂತು."

"ಆ್ಯಪಿಗೆ?"

"ಅದೂ ಪುಕ್ಕಟೆ."

"ಹಾಗಾದ್ರೆ ಆ ಕಂಪನಿಯೋರು ಹೊಟ್ಟೆಗೆ ಏನು ತಿಂತಾರೆ?"

ಗಂಡ ಹೆಂಡತಿ ಮುಖ ಮುಖ ನೋಡಿಕೊಂಡರು. ಈ ಪ್ರಶ್ನೆ ಅವರಿಗೆ ಹೊಳೆದೇ ಇರಲಿಲ್ಲ.

"ನೀನು ನಡೆದದ್ದನ್ನ ತಿಂತಾರೆ" ಎಂದಳು ಬ್ಲಾಂಚ್. "ನಿನ್ನ ದಾರಿ, ನಿನ್ನ ನಿದ್ದೆ, ನಿನ್ನ ಎದೆಬಡಿತ. ಅದನ್ನ ಜೋಡಿಸಿ ನಕ್ಷೆ ಮಾಡಿ, ನೋಡಿ ಎಷ್ಟು ಜನ ನಡೀತಾರೆ ಅಂತ ತೋರಿಸಿದ್ರೆ ಇನ್ನಷ್ಟು ಜನ ಬರ್ತಾರೆ. ಜನ ಬಂದ್ರೆ ಜಾಹೀರಾತು ಬರತ್ತೆ. ನಿನ್ನ ಮೇಲೆ ಅವರಿಗೇನೂ ದ್ವೇಷ ಇಲ್ಲ ಸೆಲ್ಬಿ. ಟಕ್ ಅನ್ನೋ ಮನುಷ್ಯ ಇದಾನೆ ಅಂತಾನೂ ಅವರಿಗೆ ಗೊತ್ತಿಲ್ಲ. ಯಾರೂ ಕೂತು ನೋಡ್ಬೇಕಾಗಿಲ್ಲ. ಬಾಗಿಲು ತೆರೆದಿಟ್ರೆ ಸಾಕು, ಬೇಕಾದೋರು ಬಂದು ನೋಡ್ಕೋತಾರೆ."

"ಬಾಗಿಲು ತೆರೆದಿಟ್ಟಿದ್ದು ಯಾರು ಹಾಗಾದ್ರೆ?"

"ಆ್ಯಪ್ ಶುರು ಮಾಡುವಾಗ ಪ್ರಶ್ನೆ ಕೇಳಿರತ್ತೆ. ಉತ್ತರ ಕೊಟ್ಟಿದ್ದು ಯಾರು?"

ಸೆಲ್ಬಿ ಕೆಮ್ಮಿದ. "ನಾನೇ ಹಾಕಿಕೊಟ್ಟೆ. ಹದಿನೇಳು ಪ್ರಶ್ನೆ ಕೇಳ್ತು ಕಣೇ. ಒಲೆ ಮೇಲೆ ಚಹಾ ಉಕ್ತಿತ್ತು. ಎಲ್ಲದಕ್ಕೂ ಹೂಂ ಅಂತ ಒತ್ತಿಬಿಟ್ಟೆ."

"ನೀನೊಬ್ಬನೇ ಅಲ್ಲ, ಎಲ್ರೂ ಅದನ್ನೇ ಮಾಡೋದು. ಯಾಕೆ ಗೊತ್ತಾ? ಹೂಂ ಅನ್ನೋ ಗುಂಡಿ ನೀಲಿ ಬಣ್ಣದಲ್ಲಿ ಬಿಸ್ಕತ್ತಿನಷ್ಟು ಅಗಲ ಇರತ್ತೆ. ಬೇಡ ಅನ್ನೋದು ಕೆಳಗೆ ಬೂದು ಬಣ್ಣದಲ್ಲಿ ಇರುವೆ ಸಾಲಿನ ಹಾಗೆ. ಅದು ಕಣ್ಣು ತಪ್ಪಿ ಆದದ್ದಲ್ಲ. ಸಂಬಳ ತಗೊಂಡು ಯಾರೋ ಹಾಗೆ ಕೂತು ಬರೆದಿದಾರೆ." ಬ್ಲಾಂಚಳ ದನಿ ಏರಿತು. "ನಾನು ಎಕ್ಸ್‌ಚೇಂಜಿನಲ್ಲಿದ್ದಾಗ ಈ ಊರಿನ ಎಲ್ಲ ಮಾತು ನನ್ನ ಕಿವಿ ಮೇಲೆ ಬೀಳ್ತಿತ್ತು. ಯಾರ ಮದುವೆ ಮುರೀತು, ಯಾರಿಗೆ ಕಾಯಿಲೆ, ಎಲ್ಲ. ಒಂದು ಮಾತು ಹೊರಗೆ ಬಂದ್ರೆ ಕೆಲಸ ಹೋಗ್ತಿತ್ತು. ಇವತ್ತಿನವರೆಗೆ ಬಾಯಿ ಬಿಟ್ಟಿಲ್ಲ. ಹದಿನೆಂಟು ವರ್ಷದ ಹುಡುಗಿಗೆ ಇದ್ದ ಕಟ್ಟು ಅಷ್ಟು ದೊಡ್ಡ ಕಂಪನಿಗೆ ಬೇಡವಾ?"

"ಅದೆಲ್ಲ ಸರಿ, ಆದ್ರೂ ನನ್ನ ಹತ್ರ ಬಚ್ಚಿಡೋದು ಏನೂ..." ಎಂದು ಸೆಲ್ಬಿ ಮತ್ತೆ ಶುರು ಮಾಡಿದ.

ಅಷ್ಟರಲ್ಲಿ ಬ್ಲಾಂಚ್ ಮೆಲ್ವಿನಾಳ ಫೋನು ತೆರೆದು, ಹೋದ ವರ್ಷದಿಂದ ಈಚಿನ ನಡಿಗೆಯನ್ನೆಲ್ಲ ಒಂದೇ ನಕ್ಷೆಯಲ್ಲಿ ಬರುವಂತೆ ಮಾಡಿದಳು. ಸೆಲ್ಬಿಯ ಮಾತು ಅರ್ಧಕ್ಕೇ ನಿಂತಿತು. ಊರಿನ ಉತ್ತರಕ್ಕೆ, ಗುಡ್ಡಗಳ ನಡುವೆ, ಒಂದು ಸಣ್ಣ ಕೊಳದ ದಡದಲ್ಲಿ ಇನ್ನೊಂದು ನೂಲಿನ ಉಂಡೆ ಕಾಣುತ್ತಿತ್ತು.

"ಇದೇನು ಮೆಲ್ವಿನಾ? ಇಷ್ಟು ದೂರ ಯಾಕೆ ಹೋಗಿದ್ದೆ?"

"ನಾನ್ಯಾವತ್ತೂ ಆ ಕಡೆ ಹೋಗಿಲ್ಲ ಬ್ಲಾಂಚಕ್ಕ."

ಹೋಗಿದ್ದದ್ದು ವಾಚು. ಪಂದ್ಯದ ಕೊನೆಯ ವಾರ ಶೋಲ್ ಆರ್ಮ್‌ನವರು ಮುಂದೆ ಹೋಗಿಬಿಟ್ಟಿದ್ದರು. ಮೆಲ್ವಿನಾಗೆ ಕಾಲು ನೋವು. "ನೀನು ಕಟ್ಕೊಂಡು ನಡ್ಕೊಂಡು ಬಾ, ನನ್ನ ಲೆಕ್ಕಕ್ಕೆ ಹೆಜ್ಜೆ ಸೇರತ್ತೆ" ಎಂದು ಜೊತೆಗೆ ತನ್ನ ಫೋನನ್ನೂ ಗಂಡನ ಜೇಬಿಗೆ ತುರುಕಿ ಕಳಿಸಿದ್ದಳು. ತಮ್ಮನ ಮನೆಗೆ ಹೋಗಿ ಬರುತ್ತೇನೆ ಎಂದು ಹೇಳಿ ಹೋಗಿದ್ದ ಸೆಲ್ಬಿ.

"ತಮ್ಮನ ಮನೆ ಕೊಳದ ದಡಕ್ಕೆ ಯಾವಾಗ ಬಂತು ಮಾರಾಯಾ?" ಎಂದಳು ಮೆಲ್ವಿನಾ.

ಸೆಲ್ಬಿಯ ಮುಖ ನೋಡುವ ಹಾಗಿತ್ತು. ನಲವತ್ತು ವರ್ಷ ಹೆಂಡತಿಗೂ ಹೇಳದೆ ಕಾಪಾಡಿಕೊಂಡು ಬಂದ ಟ್ರೌಟ್ ಕೊಳ! "ಇದನ್ನೂ ಎಲ್ರೂ ನೋಡಬಹುದಾ?" ಎಂದು ಕೇಳಿದ, ಸ್ವರ ಸಣ್ಣದಾಗಿತ್ತು.

"ಇಪ್ಪತ್ತೆರಡು ಜನ ಮೆಚ್ಚಿದಾರೆ" ಎಂದಳು ಬ್ಲಾಂಚ್.

"ಅಳಿಸು ಬ್ಲಾಂಚಕ್ಕ. ಈಗಿಂದೀಗಲೇ ಅಳಿಸು."

"ಬಚ್ಚಿಡೋದು ಏನೂ ಇಲ್ಲ ಅಂದ್ಯಲ್ಲ?"

"ಮಾತಿಗೆ ಅಂದೆ. ಅಳಿಸು ಅಂದ್ನಲ್ಲ!"

ಮೆಲ್ವಿನಾಗೆ ಐದು ದಿನದಲ್ಲಿ ಮೊದಲ ಸಲ ನಗು ಬಂತು. ಆದರೆ ಬ್ಲಾಂಚ್ ನಕ್ಷೆಯ ಮೇಲೆ ಇನ್ನೊಂದು ಕಡೆ ಬೆರಳಿಟ್ಟು ಬಗ್ಗಿ ನೋಡುತ್ತಿದ್ದಳು.

"ಇದ್ಯಾವುದೇ ಇಷ್ಟು ದಪ್ಪ ಗೆರೆ? ಉಳಿದದ್ದೆಲ್ಲ ದಾರದ ಹಾಗಿದೆ, ಇದು ಹಗ್ಗದ ಹಾಗಿದೆ. ನಿನ್ನ ಹಿಂಬಾಗಿಲಿಂದ ಹೊರಟು ನಾಲ್ಕು ಮನೆ ಆಚೆಗೆ ಹೋಗತ್ತೆ. ದಿನಾ ಸಂಜೆ. ಹಿಮ ಬಿದ್ದಾಗಲೂ ಒಂದು ದಿನ ತಪ್ಪಿಲ್ಲ. ಆಗಸ್ಟ್ ಐದಕ್ಕೆ ನಿಂತು ಹೋಗಿದೆ."

ಮೆಲ್ವಿನಾ ಬಗ್ಗಿ ಆ ಗೆರೆ ನೋಡಿದಳು. ಹಣ್ಣಿನ ಜೌಗಿಗೆ ಹೋದ ಗೆರೆ ಒಂಬತ್ತು ಸಲದ್ದು. ಊನಾಳ ಮನೆಗೆ ಹೋದದ್ದು ಎಷ್ಟು ನೂರು ಸಲದ್ದೋ. ಕಳೆದುಕೊಂಡದ್ದು ಜೌಗು ಮಾತ್ರ ಎಂದುಕೊಂಡಿದ್ದಳು. ಅವಳಿಗೆ ತಲೆ ಎತ್ತಲು ಆಗಲಿಲ್ಲ. ನಾಚಿಕೆಯಿಂದ ಕಿವಿಯವರೆಗೆ ಬಿಸಿಯಾಯಿತು.

ಬ್ಲಾಂಚ್ ಎಲ್ಲ ವಿಷಯ ಊಹಿಸಿರಬೇಕು. ಅವಳು ಅದರ ಬಗ್ಗೆ ಮಾತಾಡದೆ ಫೋನಿನ ಕೆಲಸಕ್ಕೆ ತಿರುಗಿದಳು. "ವಾಚು ಬಿಸಾಡು ಅಂತ ನಾನು ಹೇಳ್ತಿಲ್ಲ. ನಿನ್ನ ಹೃದಯಕ್ಕೆ ಅದು ಒಳ್ಳೇದು. ಇಲ್ಲಿ ನೋಡು, ಸೆಟ್ಟಿಂಗ್ಸ್ ಒಳಗೆ 'ಯಾರು ನೋಡಬಹುದು' ಅಂತ ಇದೆ. ಈಗ 'ಎಲ್ಲರೂ' ಅಂತಿದೆ. ಅದನ್ನ 'ನಾನು ಮಾತ್ರ' ಅಂತ ಮಾಡು. ನೀನೇ ಒತ್ತು, ನಾನು ಒತ್ತಿದ್ರೆ ನಿಂಗೆ ನೆನಪಿರಲ್ಲ."

ಮೆಲ್ವಿನಾ ಒತ್ತಿದಳು.

"ಇನ್ನೊಂದಿದೆ. ಎಲ್ಲರ ದಾರಿ ಸೇರಿಸಿ ಒಂದು ದೊಡ್ಡ ನಕ್ಷೆ ಮಾಡ್ತಾರಲ್ಲ, ಅದಕ್ಕೆ ನಿಂದನ್ನ ಕೊಡಬೇಡ ಅನ್ನೋ ಗುಂಡಿ ಬೇರೆ ಕಡೆ ಇಟ್ಟಿದ್ದಾರೆ. ಮೊದಲನೇದು ಮುಚ್ಚಿದ್ರೆ ಇದು ತಾನಾಗಿ ಮುಚ್ಚಲ್ಲ. ಹೂಂ, ಅದೇ. ಈಗ ಮನೆ ಸುತ್ತಲಿನ ಜಾಗ ಮರೆ ಮಾಡು. ನೀವಿಬ್ರೂ ಯಾವ ಹೊತ್ತಿಗೆ ಮನೇಲಿರಲ್ಲ ಅಂತ ಕಂಡೋರಿಗೆಲ್ಲ ಯಾಕೆ ತಿಳಿಯಬೇಕು? ಆಮೇಲೆ ಹಳೇದನ್ನ ಒಂದೊಂದಾಗಿ ಅಳಿಸು."

"ಅಳಿಸಿದ್ರೆ ಪೂರ್ತಿ ಹೋಗತ್ತಾ?"

"ನಿನ್ನ ಕಡೆಯಿಂದ ಹೋಗತ್ತೆ. ಆಗಲೇ ನೋಡಿ ಬರೆದಿಟ್ಕೊಂಡೋರ ತಲೆಯಿಂದ ಹೋಗಲ್ಲ. ಸುಳ್ಳು ಭರವಸೆ ನಾನು ಕೊಡಲ್ಲ. ಅದಕ್ಕೇ ಮೊದಲೇ ನೋಡ್ಕೋಬೇಕು ಅನ್ನೋದು."

ಒಂದೊಂದಾಗಿ ಅಳಿಸುತ್ತ ಮೆಲ್ವಿನಾ ಆ ದಪ್ಪ ಗೆರೆಗೆ ಬಂದಾಗ ಬೆರಳು ತಡೆದಳು. "ಇದನ್ನ ಇಟ್ಕೋಬಹುದಾ? ನಾನು ಮಾತ್ರ ನೋಡೋ ಹಾಗೆ?"

"ಇಟ್ಕೋ" ಎಂದಳು ಬ್ಲಾಂಚ್.

ಸೆಲ್ಬಿಯನ್ನು ಮನೆಗೆ ಕಳಿಸಿ, ಮೆಲ್ವಿನಾ ಊನಾಳ ಹಿಂಬಾಗಿಲಿಗೆ ಹೋದಳು. ಹಿಡಿಕೆಗೆ ಕೈ ಹಾಕಿದಳು, ತೆಗೆದಳು. ಐವತ್ತೆಂಟು ವರ್ಷ ತಟ್ಟದೆ ಒಳಗೆ ಹೋದ ಬಾಗಿಲು ಅದು. ಈಗ ಹಾಗೆ ಹೋಗಲು ತನಗೇನು ಹಕ್ಕಿದೆ ಎನ್ನಿಸಿತು. ಬೆರಳು ಮಡಚಿ ಮೆಲ್ಲಗೆ ತಟ್ಟಿದಳು.

"ಬಾಗಿಲು ತಟ್ಟೋದು ಯಾರದು? ಪೊಲೀಸಾ?" ಒಳಗಿನಿಂದ ಊನಾಳ ಸ್ವರ.

"ನಾನು ಕಣೇ."

"ನಾನು ಅನ್ನೋರು ಈ ಮನೇಲಿ ತಟ್ಟಲ್ಲ" ಎಂದಿತು ಸ್ವರ.

ಮೆಲ್ವಿನಾ ಒಳಗೆ ಹೋದಳು. ಬಾಟಲಿಗಳು ಮೇಜಿನ ಮೇಲೆ ಅಂದು ಇಟ್ಟ ಹಾಗೆಯೇ ಬೋರಲು ಬಿದ್ದಿದ್ದವು. ಅವಳು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದಳು. ಕೋರಿನ್, ನಕ್ಷೆ, ಹದಿನೇಳು ಹೂಂ, ಸೆಲ್ಬಿಯ ಕೊಳ.

"ಜಾಗ ಹೇಳಿದ್ದು ನಾನೇ ಊನಾ. ನನ್ನ ಕೈಯೇ ಹೇಳ್ತು. ನಿನ್ನ ಮೇಲೆ ಹಾಕ್ದೆ. ತಪ್ಪಾಯ್ತು."

ಊನಾ ಕಿಟಕಿಯ ಕಡೆ ನೋಡುತ್ತಿದ್ದಳು. "ಯಾರಿಗೆ ಹೇಳ್ದೆ ಅಂತ ಕೇಳ್ದೆ ನೀನು" ಎಂದಳು ಕೊನೆಗೆ. "ಹೇಳಿದ್ಯಾ ಅಂತ ಕೇಳಲಿಲ್ಲ. ಅದೊಂದು ನಂಗೆ ನುಂಗೋಕಾಗಲಿಲ್ಲ."

"ಗೊತ್ತು."

"ಕೂತ್ಕೋ. ಹೇಳ್ಬೇಕಾದ್ದು ನಂದೂ ಒಂದಿದೆ." ಊನಾ ಮೊಣಕಾಲು ನೀವಿಕೊಂಡಳು. "ನಿಂಗೆ ಹನ್ನೆರಡು ವರ್ಷ ಆಗಿದ್ದಾಗ ದಡಾರ ಬಂದು ಮಲಗಿದ್ದೆ, ನೆನಪಿದ್ಯಾ? ಆ ವಾರ ನಿನ್ನಮ್ಮ ನನ್ನೊಬ್ಬಳನ್ನೇ ಕರ್ಕೊಂಡು ಹೋಗಿ ಇನ್ನೊಂದು ಜಾಗ ತೋರಿಸಿದ್ಲು. ಸಣ್ಣದು. ಒಂದು ಬಕೆಟ್ ಆಗುವಷ್ಟು. ಮೆಲ್ವಿನಾಗೆ ಹೇಳ್ಬೇಡ ಅಂದ್ಲು. ಅವಳು ನನ್ನ ಹೊಟ್ಟೇಲಿ ಹುಟ್ಟಿದೋಳೇ, ಆದ್ರೆ ಅವಳ ಹೊಟ್ಟೇಲಿ ಮಾತು ನಿಲ್ಲಲ್ಲ ಅಂದ್ಲು."

ಮೆಲ್ವಿನಾ ಕುರ್ಚಿ ಎಳೆದುಕೊಂಡು ಕೂತಳು.

"ಐವತ್ತೈದು ವರ್ಷ ಆಯ್ತು. ನಿಂಗೆ ಹೇಳಿದೀನಾ? ಕಟ್ಕೊಂಡ ಗಂಡನಿಗೆ, ಅವನು ಸಾಯೋವರೆಗೆ, ಹೇಳಿದ್ನಾ? ಅಂಥೋಳನ್ನ ನೀನು ಬಂದು ಯಾರಿಗೆ ಹೇಳ್ದೆ ಅಂತೀಯ!"

ಮೆಲ್ವಿನಾಗೆ ಅಳು ಬಂತು, ಅದರ ಜೊತೆಗೇ ನಗುವೂ ಬಂತು. ಅಮ್ಮನ ಅಂದಾಜು ಎಷ್ಟು ಸರಿಯಾಗಿತ್ತು! "ಮತ್ತೆ ಈಗ ಯಾಕೆ ಹೇಳ್ತಿದೀಯ?" ಎಂದು ಕಣ್ಣೊರೆಸಿಕೊಳ್ಳುತ್ತ ಕೇಳಿದಳು.

"ಬಾಟಲಿ ಖಾಲಿ ಬಿದ್ದಿವೆ. ಕಡೇ ಹಣ್ಣು ಇನ್ನೂ ಇರತ್ತೆ. ಈ ಮೊಣಕಾಲಿನಲ್ಲಿ ಒಬ್ಬಳೇ ಹೋಗೋಕಾಗಲ್ಲ. ಕೈ ಹಿಡ್ಕೊಳ್ಳೋಕೆ ಯಾರಾದ್ರೂ ಬೇಕಲ್ಲ." ಊನಾ ಎದ್ದು ರಬ್ಬರ್ ಬೂಟು ಎಳೆದುಕೊಂಡಳು. "ಮೊದಲು ಅದನ್ನ ಬಿಚ್ಚು."

ಮೆಲ್ವಿನಾ ವಾಚು ಬಿಚ್ಚಿದಳು. "ನಾನು ಮಾತ್ರ ಅಂತ ಮಾಡಿದೀನಿ ಕಣೇ, ಈಗ ಯಾರಿಗೂ ಕಾಣಲ್ಲ."

"ನಂಗೆ ಆ ಕಂಪನಿಯೋರ ಪರಿಚಯ ಇಲ್ಲ. ಜೇಬು ತೋರ್ಸು. ಫೋನೂ ಹಾಗೇ, ಅದೂ ಬಾಯಿಬಡುಕನೇ."

ಎರಡೂ ಊನಾಳ ಬ್ರೆಡ್ ಡಬ್ಬಿಯೊಳಗೆ ಹೋದವು. ಮುಚ್ಚಳ ಬಿತ್ತು. ಒಂದು ಬಕೆಟ್ ಹಿಡಿದು, ಒಬ್ಬರ ಕೈ ಒಬ್ಬರು ಹಿಡಿದು, ಇಬ್ಬರೂ ಹಿಂಬಾಗಿಲಿನಿಂದ ಹೊರಟರು. ಯಾವ ದಿಕ್ಕಿಗೆ ಹೋದರು ಎಂದು ನಮಗೆ ಗೊತ್ತಿಲ್ಲ. ಕೇಳಿದರೆ ಮಂಜಿಗೆ ಹೂವೆಲ್ಲ ಉದುರಿತ್ತು ಅನ್ನುತ್ತಾರೆ.

ಅಂದು ಸಂಜೆ ಬ್ರೆಡ್ ಡಬ್ಬಿ ತೆರೆದಾಗ ವಾಚು ಕಿರುಗುಟ್ಟುತ್ತಿತ್ತಂತೆ. ಇವತ್ತು ಮಧ್ಯಾಹ್ನದಿಂದ ನೀವು ಎದ್ದೇ ಇಲ್ಲ, ದಯವಿಟ್ಟು ಸ್ವಲ್ಪ ನಡೆಯಿರಿ ಎಂದು ಬುದ್ಧಿ ಹೇಳುತ್ತಿತ್ತಂತೆ. ಮೆಲ್ವಿನಾ ಮತ್ತು ಊನಾ ಬೂಟಿನ ಕೆಸರು ಕೆರೆಯುತ್ತ ನಕ್ಕಿದ್ದು ನಾಲ್ಕು ಬೇಲಿ ಆಚೆಗೆ ಸೆಲ್ಬಿಗೂ ಕೇಳಿಸಿತು.

ಈಗ ನಿಮ್ಮ ಸರದಿ. ಇದನ್ನು ಓದಿ, ಇಲ್ಲವೇ ಸಂಘದಲ್ಲಿ ಕೂತು ಕೇಳಿ ಎದ್ದು ಹೋಗುವ ಮುಂಚೆ, ನಿಮ್ಮ ಫೋನನ್ನು ಒಮ್ಮೆ ಕೈಗೆ ತೆಗೆದುಕೊಳ್ಳಿ. ನೀವು ಇರುವ ಜಾಗವನ್ನು ಯಾವ ಯಾವ ಆ್ಯಪ್ ನೋಡುತ್ತಿದೆ ಎಂದು ಸೆಟ್ಟಿಂಗ್ಸ್ ಒಳಗೆ ಹುಡುಕಿ. ಬೇಡದ್ದಕ್ಕೆ ಬೇಡ ಅನ್ನಿ. 'ಎಲ್ಲರೂ' ಎಂದಿರುವಲ್ಲಿ 'ನಾನು ಮಾತ್ರ' ಎಂದು ಮಾಡಿ. ತಿಳಿಯದಿದ್ದರೆ ತಿಳಿದವರನ್ನು ಕೇಳಿ, ಆದರೆ ಗುಂಡಿಯನ್ನು ನೀವೇ ಒತ್ತಿ. ಹೊಸ ಆ್ಯಪ್ ಹಾಕುವಾಗ ಒಲೆ ಆರಿಸಿ ಕೂತುಕೊಳ್ಳಿ, ಬೂದು ಬಣ್ಣದ ಸಣ್ಣ ಅಕ್ಷರವನ್ನೂ ಓದಿ. ಪುಕ್ಕಟೆ ಬಂದದ್ದನ್ನು ಕೊಟ್ಟವರು ಏನು ತಿಂದು ಬದುಕುತ್ತಾರೆ ಎಂದು ಒಂದು ಸಲ ಕೇಳಿಕೊಳ್ಳಿ. ಮುಖ್ಯವಾಗಿ, ಮನೆಯ ಗುಟ್ಟು ಬಯಲಾದಾಗ ಪಕ್ಕದ ಮನೆಯವರ ಮೇಲೆ ಹರಿಹಾಯುವ ಮೊದಲು ನಿಮ್ಮ ಕೈಯನ್ನೇ ಒಮ್ಮೆ ನೋಡಿಕೊಳ್ಳಿ.

ಬಚ್ಚಿಡಲು ನಮ್ಮ ಹತ್ತಿರ ಏನಿದೆ ಎನ್ನುತ್ತೀರಾ? ಸೆಲ್ಬಿಯೂ ಹಾಗೇ ಅಂದಿದ್ದ. ನಿಮಗೂ ಎಲ್ಲೋ ಒಂದು ಜೌಗು ಇರುತ್ತದೆ. ಅದು ಯಾವುದೆಂದು ದಯವಿಟ್ಟು ನಮಗೂ ಹೇಳಬೇಡಿ.